ಹೆರಾಲ್ಡ್ ಗಿಲ್ಲೀಸ್

ಸರ್ ಹೆರಾಲ್ಡ್ ಡೆಲ್ಫ್ ಗಿಲ್ಲೀಸ್ (ಜೂನ್ 17, 1882 – ಸೆಪ್ಟೆಂಬರ್ 10, 1960) ನ್ಯೂಜಿಲೆಂಡ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯರು. ಇವರನ್ನು ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಎಂದು ಕರೆಯುವುದು ರೂಢಿ. ಗಾಯದಿಂದಲೋ ಸುಟ್ಟುಹೋಗಿಯೋ ಅರ್ಬುದ ರೋಗದ ಗೆಡ್ಡೆಯನ್ನು ತೆಗೆದುದರಿಂದಲೋ ದೇಹದ ಒಂದು ಭಾಗ ಇಲ್ಲವಾದಾಗ, ರೋಗಿಯದೇ ಜೀವಂತ ಅಂಗಾಂಶದಿಂದ ಅದನ್ನು ಮತ್ತೆ ಕಟ್ಟುವ ವಿಧಾನಕ್ಕೆ ಇವರು ಕ್ರಮಬದ್ಧ ಸ್ವರೂಪ ನೀಡಿದರು.

ಬಾಲ್ಯ ಮತ್ತು ಶಿಕ್ಷಣ

ಡ್ಯುನೆಡಿನ್ ನಗರದಲ್ಲಿ ಜನಿಸಿದ ಗಿಲ್ಲೀಸ್ ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ಬಿದ್ದುದರಿಂದ ಒಂದು ಮೊಣಕೈ ಪೂರ್ತಿಯಾಗಿ ಮಡಚಲು ಬರುತ್ತಿರಲಿಲ್ಲ. ಆದರೂ ಕೇಂಬ್ರಿಜ್ ವಿಶ್ವವಿದ್ಯಾಲಯದ ಪರವಾಗಿ 1904ರ ದೋಣಿ ಪಂದ್ಯದಲ್ಲಿ ಹುಟ್ಟು ಹಾಕಿದರು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಮುಗಿಸಿ ಕಿವಿ, ಮೂಗು, ಗಂಟಲು ತಜ್ಞರಾದರು. ಗಾಲ್ಫ್ ಆಟ ಮತ್ತು ಚಿತ್ರಕಲೆಯಲ್ಲಿ ಕೊನೆಯವರೆಗೂ ಆಸಕ್ತಿ ಉಳಿಸಿಕೊಂಡಿದ್ದರು.

ಪ್ಯಾರಿಸ್ಸಿನ ಭೇಟಿ

1915ರಲ್ಲಿ ಸೇನಾ ವೈದ್ಯರಾಗಿ ಫ್ರಾನ್ಸಿಗೆ ತೆರಳಿದ ಗಿಲ್ಲೀಸ್, ಅಲ್ಲಿ ದವಡೆಯ ಗಾಯಗಳಿಗೆ ಚಿಕಿತ್ಸೆ ನೀಡುತ್ತಿದ್ದ ದಂತವೈದ್ಯ ಚಾರ್ಲ್ಸ್ ವಲಾಡಿಯೆ ಅವರ ಕೆಲಸವನ್ನು ನೋಡಿದರು. ಬಳಿಕ ಪ್ಯಾರಿಸ್ಸಿನಲ್ಲಿ ಇಪ್ಪೊಲಿತ್ ಮೋರೆಸ್ತಾಂ ಎಂಬ ಪ್ರಸಿದ್ಧ ಶಸ್ತ್ರವೈದ್ಯರನ್ನು ಭೇಟಿಯಾದರು. ಮೋರೆಸ್ತಾಂ ಅಂದು ರೋಗಿಯೊಬ್ಬನ ಮುಖದಿಂದ ಅರ್ಬುದದ ಗೆಡ್ಡೆಯನ್ನು ತೆಗೆದು, ಉಳಿದ ದೊಡ್ಡ ಕುಳಿಯನ್ನು ಕುತ್ತಿಗೆಯಿಂದ ತಿರುಗಿಸಿ ತಂದ ಚರ್ಮದಿಂದ ಮುಚ್ಚಿದರು. ಗಿಲ್ಲೀಸರ ಮುಂದಿನ ಬದುಕಿನ ದಿಕ್ಕು ನಿರ್ಧಾರವಾದದ್ದು ಈ ಶಸ್ತ್ರಕ್ರಿಯೆಯನ್ನು ನೋಡಿದ ಮೇಲೆ. ಆದರೆ ಮತ್ತೊಮ್ಮೆ ಹೋದಾಗ ಮೋರೆಸ್ತಾಂ ಒಳಗೆ ಬಿಡಲಿಲ್ಲ. ಹೀಗಾಗಿ ಅವರು ಬಹುಪಾಲು ತಾವಾಗಿಯೇ ಕಲಿಯಬೇಕಾಯಿತು.

ಆಲ್ಡರ್‌ಶಾಟ್ ಮತ್ತು ಸಿಡ್‌ಕಪ್

ಗಿಲ್ಲೀಸರ ಒತ್ತಾಯದಿಂದ 1916ರ ಆರಂಭದಲ್ಲಿ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಮುಖದ ಗಾಯಗಳಿಗೆಂದೇ ಒಂದು ವಿಭಾಗ ತೆರೆಯಿತು. ಗಾಯಾಳುಗಳು ತಮ್ಮಲ್ಲಿಗೇ ಬರಲೆಂದು ತಮ್ಮ ವಿಳಾಸದ ಚೀಟಿಗಳನ್ನು ಸ್ವಂತ ಹಣದಿಂದ ತರಿಸಿ ಯುದ್ಧಭೂಮಿಗೆ ಕಳುಹಿಸಲು ಏರ್ಪಾಡು ಮಾಡಿದರು. ಸೊಮ್ ಕದನದ ನಂತರ ಸುಮಾರು 200 ಮಂದಿಯನ್ನು ನಿರೀಕ್ಷಿಸಿದ್ದ ಕಡೆ 2,000 ಮಂದಿ ಬಂದರು. 1917ರಲ್ಲಿ ಸಿಡ್‌ಕಪ್‌ನಲ್ಲಿ ಕ್ವೀನ್ಸ್ ಆಸ್ಪತ್ರೆ ಆರಂಭವಾಯಿತು. ಅಲ್ಲಿ 5,000ಕ್ಕೂ ಹೆಚ್ಚು ಯೋಧರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಊರಿಗೆ ಹೋಗುವ ದಾರಿಯ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದು, ಅಲ್ಲಿ ಕುಳಿತವರ ಮುಖ ಕಂಡು ಬೆಚ್ಚಬಾರದೆಂದು ದಾರಿಹೋಕರಿಗೆ ಸೂಚಿಸಲಾಗುತ್ತಿತ್ತು. ಕಲಾವಿದ ಹಾಗೂ ವೈದ್ಯ ಹೆನ್ರಿ ಟಾಂಕ್ಸ್ ಈ ರೋಗಿಗಳ ಚಿತ್ರಗಳನ್ನು ಬರೆದರು.

ಕೊಳವೆ ವಿಧಾನ

ಚರ್ಮದ ಪಟ್ಟಿಯನ್ನು ಮೂಲದಿಂದ ಬಿಡಿಸದೆ ಎಳೆದು ತಂದರೆ ರಕ್ತಸಂಚಾರ ಉಳಿಯುತ್ತದೆ. ಆದರೆ ಅದರ ಒಳಮೈ ತೆರೆದುಕೊಂಡು ಸೋಂಕು ತಗಲುತ್ತದೆ. ಪ್ರತಿಜೀವಕಗಳಿಲ್ಲದ ಆ ಕಾಲದಲ್ಲಿ ಇದು ಮಾರಕ. 1917ರ ಅಕ್ಟೋಬರಿನಲ್ಲಿ ಸುಟ್ಟಗಾಯಗಳಿದ್ದ ನಾವಿಕನೊಬ್ಬನ ಶಸ್ತ್ರಕ್ರಿಯೆಯ ವೇಳೆ ಪಟ್ಟಿಯ ಅಂಚುಗಳು ಒಳಕ್ಕೆ ಸುರುಳಿಯಾಗುವುದನ್ನು ಗಿಲ್ಲೀಸ್ ಗಮನಿಸಿ, ಆ ಅಂಚುಗಳನ್ನೇ ಸೇರಿಸಿ ಕೊಳವೆಯಂತೆ ಹೊಲಿದರು. ಒಡೆಸ್ಸಾದ ವ್ಲಾದಿಮಿರ್ ಫಿಲಾಟೋವ್ ಇದೇ ಉಪಾಯವನ್ನು ಅದಕ್ಕಿಂತ ಸ್ವಲ್ಪ ಮೊದಲೇ ಸ್ವತಂತ್ರವಾಗಿ ಕಂಡುಕೊಂಡಿದ್ದರಾದ್ದರಿಂದ, ಶ್ರೇಯಸ್ಸು ಗಿಲ್ಲೀಸರೊಬ್ಬರದೇ ಎನ್ನುವುದು ಸರಿಯಲ್ಲ.

ಹಣೆಯ ಚರ್ಮದಿಂದ ಮೂಗನ್ನು ಕಟ್ಟುವ ಭಾರತೀಯ ಕ್ರಮವನ್ನೂ ಅವರು ಬಳಸಿದರು. ಈ ಕ್ರಮ ಯುರೋಪಿನಲ್ಲಿ ಪ್ರಚಾರ ಪಡೆದದ್ದು 1794ರ ಒಂದು ಲಂಡನ್ ಪತ್ರಿಕಾ ಲೇಖನದಿಂದ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಬಳಿ ನಡೆದ ಚಿಕಿತ್ಸೆಯ ವರ್ಣನೆ ಅದರಲ್ಲಿತ್ತು.

ಎಲ್ಲವೂ ಯಶಸ್ವಿಯಾಗಲಿಲ್ಲ. 1918ರಲ್ಲಿ ಮುಖವಿಡೀ ಸುಟ್ಟುಹೋಗಿದ್ದ ಯುವ ವಿಮಾನಚಾಲಕನೊಬ್ಬನಿಗೆ ಎದೆಯ ಚರ್ಮವನ್ನು ಒಂದೇ ಬಾರಿಗೆ ತಂದು ಹೊದಿಸಲಾಯಿತು. ಚರ್ಮ ಕೊಳೆತು, ಕೆಲವೇ ವಾರಗಳಲ್ಲಿ ಆತ ತೀರಿಕೊಂಡನು. ದೊಡ್ಡ ಕೆಲಸವನ್ನು ಹಂತಹಂತವಾಗಿ ಮಾಡಬೇಕು, ಅವಸರ ಸಲ್ಲದು ಎಂಬ ನಿಯಮದ ಹಿಂದೆ ಈ ಸಾವಿನ ಪಾಠವಿದೆ.

ಅರ್ಬುದ ಚಿಕಿತ್ಸೆಯೊಂದಿಗಿನ ಸಂಬಂಧ

ಮೃದು ಅಂಗಾಂಶದ ಅಪರೂಪದ ಅರ್ಬುದಗಳನ್ನು (ಸಾರ್ಕೋಮ) ತೆಗೆಯುವಾಗ ಗೆಡ್ಡೆಯ ಜೊತೆಗೆ ಸುತ್ತಲಿನ ಆರೋಗ್ಯಕರ ಭಾಗವನ್ನೂ ಕತ್ತರಿಸಬೇಕಾಗುತ್ತದೆ. ಇಲ್ಲವಾದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಬೆನ್ನಿನ ಚರ್ಮ ದಪ್ಪ ಮತ್ತು ಬಿಗಿಯಾದುದರಿಂದ ದೊಡ್ಡ ಗಾಯದ ಅಂಚುಗಳನ್ನು ನೇರವಾಗಿ ಕೂಡಿಸುವುದು ಕಷ್ಟ. ಆಗ ಪಕ್ಕದ ಚರ್ಮವನ್ನೋ ಸ್ನಾಯುವನ್ನೋ ಅದರ ರಕ್ತನಾಳಗಳ ಸಮೇತ ತಿರುಗಿಸಿ ತರುತ್ತಾರೆ. ಬೆನ್ನಿನ ಅಗಲವಾದ ಸ್ನಾಯುವನ್ನು ಹೀಗೆ ಬಳಸುವ ಕ್ರಮವನ್ನು ಇಟಲಿಯ ಇಜಿನಿಯೋ ಟಾನ್ಸಿನಿ 1906ರಲ್ಲಿಯೇ ವಿವರಿಸಿದ್ದರೂ ಅದು ಮರೆತುಹೋಗಿ 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ನಡುವಿನ ದಶಕಗಳಲ್ಲಿ ದೂರದ ಚರ್ಮವನ್ನು ತರಲು ಗಿಲ್ಲೀಸರ ಕೊಳವೆಯೇ ಮುಖ್ಯ ಆಧಾರವಾಗಿತ್ತು. ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನು ಜೋಡಿಸುವ ತಂತ್ರ ಬಂದ ಮೇಲೆ, ವಾರಗಟ್ಟಲೆ ಹಿಡಿಯುತ್ತಿದ್ದ ಈ ವಿಧಾನ ಬಹುಮಟ್ಟಿಗೆ ಹಿಂದೆ ಸರಿಯಿತು.

ನಂತರದ ವರ್ಷಗಳು

1920ರಲ್ಲಿ ಮುಖದ ಪ್ಲಾಸ್ಟಿಕ್ ಸರ್ಜರಿಯನ್ನು ಕುರಿತ ಗ್ರಂಥ ಪ್ರಕಟಿಸಿದ ಗಿಲ್ಲೀಸ್ 1930ರಲ್ಲಿ ನೈಟ್ ಪದವಿ ಪಡೆದರು. ಬಂಧು ಆರ್ಚಿಬಾಲ್ಡ್ ಮ್ಯಾಕಿಂಡೋ ಇವರಿಂದಲೇ ಈ ವಿದ್ಯೆ ಕಲಿತು ಎರಡನೆಯ ಮಹಾಯುದ್ಧದಲ್ಲಿ ಹೆಸರಾದರು. 1946ರಲ್ಲಿ ಬ್ರಿಟಿಷ್ ಪ್ಲಾಸ್ಟಿಕ್ ಸರ್ಜನರ ಸಂಘದ ಮೊದಲ ಅಧ್ಯಕ್ಷರಾದರು. ರಾಲ್ಫ್ ಮಿಲಾರ್ಡ್ ಅವರೊಡನೆ ಬರೆದ ಎರಡು ಸಂಪುಟಗಳ ಕೃತಿ 1957ರಲ್ಲಿ ಹೊರಬಂತು. 1960ರ ಆಗಸ್ಟಿನಲ್ಲಿ ಯುವತಿಯೊಬ್ಬಳ ಕಾಲಿನ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದಾಗ ಪಾರ್ಶ್ವವಾಯುವಿಗೆ ತುತ್ತಾದ ಗಿಲ್ಲೀಸ್, ಮುಂದಿನ ತಿಂಗಳು ಲಂಡನ್ನಿನಲ್ಲಿ ನಿಧನರಾದರು.