ಕವಿಚಕ್ರವರ್ತಿ ರನ್ನ: ನೀರಿನಲ್ಲಿಯೂ ಆರದ ಬೆಂಕಿ

ಪಂಪ, ಪೊನ್ನ, ರನ್ನ ಈ ಮೂವರು ಜೈನ ಮಹಾಕವಿಗಳು ಕನ್ನಡ ಸಾಹಿತ್ಯದ ರತ್ನತ್ರಯರೆಂದು ಲೋಕವಿಖ್ಯಾತರು. ಇವರಲ್ಲಿ ಕಿರಿಯನಾದ ರನ್ನನು ಕ್ರಿ.ಶ. 949ರಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಜನಿಸಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ವ್ಯಾಪಾರದ ಮನೆತನ. ಕುಲವೃತ್ತಿಯನ್ನು ಬಿಟ್ಟು, ವಿದ್ಯೆಯನ್ನರಸಿ ಗಂಗರ ನಾಡಿಗೆ ಹೋದ ಈ ತರುಣನಿಗೆ ಪೂಜ್ಯ ಅಜಿತಸೇನಾಚಾರ್ಯರು ಗುರುಗಳಾದರು; ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಆಶ್ರಯವಿತ್ತನು. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಅವನ ಹೆಸರು ಇಂದಿಗೂ ಉಳಿದಿದೆ.

ಮುಂದೆ ಚಾಲುಕ್ಯ ದೊರೆ ತೈಲಪನು ಅವನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನಿತ್ತನು. ದಾನಚಿಂತಾಮಣಿ ಅತ್ತಿಮಬ್ಬೆಯ ಇಚ್ಛೆಯಂತೆ 993ರಲ್ಲಿ ದ್ವಿತೀಯ ತೀರ್ಥಂಕರರ ಚರಿತೆಯಾದ ಅಜಿತಪುರಾಣವನ್ನು ರಚಿಸಿದನು. ಉಪಕಾರವನ್ನು ಮರೆಯದ ಕವಿಯು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ರನ್ನನ ಇನ್ನೊಂದು ಮಹಾಕೃತಿ ಗದಾಯುದ್ಧ. ಇದರಲ್ಲಿ 10 ಆಶ್ವಾಸಗಳಿವೆ. ತೈಲಪನ ಮಗನಾದ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಬರೆದುದರಿಂದ ಇಲ್ಲಿ ಭೀಮನೇ ಕಥಾನಾಯಕ. ಆದರೂ ಓದುಗರ ಕಣ್ಣು ತೇವಗೊಳ್ಳುವುದು ದುರ್ಯೋಧನನಿಗಾಗಿ. ಇದಕ್ಕೆ ಕಾರಣ ಕವಿಯು ಕಣ್ಮುಂದೆ ನಿಲ್ಲಿಸುವ ಚಿತ್ರಗಳು.

ಸಂಜಯನೊಡನೆ ರಣರಂಗದಲ್ಲಿ ನಡೆಯುವ ಅರಸನಿಗೆ ತನ್ನವರ ಶವಗಳು ಒಂದೊಂದಾಗಿ ಎದುರಾಗುತ್ತವೆ. ತಾಯಿಯ ಹಾಲನ್ನು ಅಣ್ಣನ ನಂತರ ಉಂಡ ದುಶ್ಶಾಸನನು ಸಾವಿನಲ್ಲಿ ಅಣ್ಣನಿಗಿಂತ ಮುಂದೆ ಹೋಗಿದ್ದಾನೆ. ತಂದೆಗೆ ತರ್ಪಣ ಬಿಡಬೇಕಾದ ಲಕ್ಷ್ಮಣಕುಮಾರನಿಗೆ ತಂದೆಯೇ ತರ್ಪಣ ಬಿಡುವ ಸ್ಥಿತಿ ಬಂದಿದೆ. ಕ್ರಮ ತಪ್ಪಿದ ಈ ಎರಡು ಸಾವುಗಳಲ್ಲಿ ಕುರುಕುಲದ ನಾಶವೆಲ್ಲ ಕಾಣುತ್ತದೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ದುರ್ಯೋಧನನು ಆ ಬಾಲಕನ ಶೌರ್ಯವನ್ನು ಮೆಚ್ಚಿ ಕೈಮುಗಿಯುತ್ತಾನೆ. ಛಲಗಾರನ ಈ ದೊಡ್ಡತನವನ್ನು ರನ್ನನು ಮುಚ್ಚಿಡಲಿಲ್ಲ.

ಕೊನೆಯದು ವೈಶಂಪಾಯನ ಸರೋವರದ ಚಿತ್ರ. ತಣ್ಣನೆಯ ನೀರಿನಲ್ಲಿ ಅಡಗಿದ್ದರೂ ಭೀಮನ ಗರ್ಜನೆಯನ್ನು ಕೇಳಿ ದುರ್ಯೋಧನನ ಮೈ ಕೋಪದಿಂದ ಬೆವರುತ್ತದೆ. ಕ್ರೋಧ ಮತ್ತು ಮಾನ ಎಂಬ ಕಷಾಯಗಳು ಒಳಗೆ ಉರಿಯುತ್ತಿರುವಾಗ ಹೊರಗಿನ ನೀರು ಏನು ಮಾಡೀತು? ಆ ಬೆಂಕಿಯೇ ಅವನನ್ನು ಸರೋವರದಿಂದ ಹೊರಗೆಳೆಯಿತು. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿ ಅವಮಾನಿಸಿದ ತೊಡೆಯೇ ಗದೆಯ ಪೆಟ್ಟಿಗೆ ಮುರಿಯಿತು.

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ರುದ್ರನಾಟಕಗಳನ್ನು ಆಳವಾಗಿ ಅಭ್ಯಸಿಸಿದವರು. ಅದೇ ಗಾಂಭೀರ್ಯವನ್ನು ರನ್ನನಲ್ಲಿ ಕಂಡು, ಅವನ ಕಾವ್ಯವನ್ನೇ ರಂಗಕ್ಕೆ ಅಳವಡಿಸಿ ಗದಾಯುದ್ಧ ನಾಟಕವನ್ನು ರಚಿಸಿದರು.

ಮನೆಯ ಮಾತು ಮರಾಠಿಯಾಗಲಿ, ತಮಿಳಾಗಲಿ, ತುಳುವಾಗಲಿ, ಈ ಸರೋವರದ ಕಥೆಯನ್ನು ಹಿರಿಯರು ಮಕ್ಕಳಿಗೆ ಹೇಳಬಹುದು. ಸೋತವನಿಗಾಗಿ ಮರುಗುವುದನ್ನೂ, ಅವನ ಸೋಲು ಎಲ್ಲಿಂದ ಹುಟ್ಟಿತೆಂಬುದನ್ನೂ ಒಟ್ಟಿಗೇ ಕಲಿಸಿದ ಬಳೆಗಾರರ ಮನೆಯ ಈ ಮಹಾಕವಿಯು ಸಮಸ್ತ ಶ್ರಾವಕ ಸಮಾಜಕ್ಕೆ ಪ್ರಾತಃಸ್ಮರಣೀಯನು.