ಎದೆಯ ದನಿಗೆ ಕಿವಿಗೊಟ್ಟ ರೆನೆ ಲೇನೆಕ್

ಶಾಲೆಗೆ ವೈದ್ಯರು ಬಂದು ವಿದ್ಯಾರ್ಥಿಗಳ ದೇಹಪರೀಕ್ಷೆ ನಡೆಸುವ ದಿನ ನಾವು ತಪ್ಪದೆ ಕಾಣುವ ನೋಟವೊಂದುಂಟು. ಸಾಲಿನಲ್ಲಿ ನಿಂತು ಗದ್ದಲವೆಬ್ಬಿಸುತ್ತಿದ್ದ ಬಾಲಕರು, ಸ್ಟೆತೊಸ್ಕೋಪಿನ ತಣ್ಣನೆಯ ಬಿಲ್ಲೆ ಎದೆಗೆ ತಾಗಿದೊಡನೆ ಮೌನ ತಾಳುತ್ತಾರೆ. ಕೆಲವರಂತೂ ಬರುತ್ತಿರುವ ಕೆಮ್ಮನ್ನು ಬಲವಂತದಿಂದ ಅದುಮಿ ಹಿಡಿಯುತ್ತಾರೆ. ಕೆಮ್ಮಿದರೆ ಏನೋ ಅಪರಾಧ ಬಯಲಾದೀತೆಂಬ ಭಯ ಅವರ ಮುಖದಲ್ಲಿ ತೋರುತ್ತದೆ. ಎದೆಯ ಗುಟ್ಟನ್ನು ಅರಿಯುವ ಆ ಸಾಧನವನ್ನು ಜಗತ್ತಿಗೆ ಕೊಟ್ಟವನು ಫ್ರಾನ್ಸ್ ದೇಶದ ವೈದ್ಯ ರೆನೆ ಲೇನೆಕ್. ಆ ಮಹನೀಯನ ಬಾಳು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರುವುದು ಒಳಿತೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಫ್ರಾನ್ಸಿನ ಪಶ್ಚಿಮ ತೀರದಲ್ಲಿ ಬ್ರಿಟನಿ ಎಂಬ ಪ್ರಾಂತವಿದೆ. ಅಲ್ಲಿಯ ಕ್ಯಾಂಪೇರ್ ಎಂಬ ಊರಿನಲ್ಲಿ 1781ನೆಯ ಇಸವಿಯ ಫೆಬ್ರವರಿ 17ರಂದು ಲೇನೆಕನು ಜನಿಸಿದನು. ಐದು ವರ್ಷದ ಎಳೆತನದಲ್ಲಿಯೇ ಆತನು ತಾಯಿಯನ್ನು ಕಳೆದುಕೊಂಡನು. ಆಕೆಯನ್ನು ಕೊಂಡೊಯ್ದುದು ಕ್ಷಯರೋಗವೆಂದೇ ನಂಬಲಾಗಿದೆ. ನ್ಯಾಯವಾದಿಯಾಗಿದ್ದ ತಂದೆಗೆ ಮಕ್ಕಳ ಪಾಲನೆಯ ಭಾರವನ್ನು ಹೊರುವುದಾಗಲಿಲ್ಲ. ಬಾಲಕನು ನಾಂತ್ ನಗರದಲ್ಲಿ ವೈದ್ಯನಾಗಿದ್ದ ಚಿಕ್ಕಪ್ಪ ಗಿಯೋಮ್ ಲೇನೆಕನ ಆಶ್ರಯಕ್ಕೆ ಬಂದನು.

ಇದಾದ ಸ್ವಲ್ಪ ಕಾಲದಲ್ಲಿಯೇ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ನಾಂತ್ ನಗರದಲ್ಲಿಯೂ ರಕ್ತದ ಹೊಳೆ ಹರಿಯಿತು. ಚಿಕ್ಕಪ್ಪನ ಮನೆಯೆದುರಿನ ಚೌಕದಲ್ಲಿಯೇ ತಲೆಕಡಿಯುವ ಯಂತ್ರವನ್ನು ನಿಲ್ಲಿಸಿದ್ದರು. ಸಾವನ್ನು ಇಷ್ಟು ಸಮೀಪದಿಂದ ಕಂಡ ಬಾಲಕನು, ಸಾವಿನೊಡನೆ ಸೆಣಸುವ ವೃತ್ತಿಯನ್ನೇ ಹಿಡಿದನು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆತನು ಚಿಕ್ಕಪ್ಪನ ಕೈಕೆಳಗೆ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಕಲಿಯತೊಡಗಿದನು. ಆತನದು ಕೃಶವಾದ ಶರೀರ. ಆದರೆ ಕಲಿಯುವ ಹಸಿವು ಅಪಾರ. ಬಿಡುವಾದಾಗ ಕೊಳಲು ನುಡಿಸುತ್ತಿದ್ದನು. ಸ್ವರದ ಸೂಕ್ಷ್ಮವನ್ನು ಬಲ್ಲ ಆ ಕಿವಿ ಮುಂದೆ ಆತನಿಗೆ ದೊಡ್ಡ ಸಂಪತ್ತಾಯಿತು.

1801ರಲ್ಲಿ ಲೇನೆಕನು ಪ್ಯಾರಿಸ್ ನಗರವನ್ನು ಸೇರಿ, ನೆಪೋಲಿಯನ್ನನ ವೈದ್ಯನಾದ ಕೊರ್ವಿಸಾರನ ಶಿಷ್ಯನಾದನು. ಎರಡೇ ವರ್ಷಗಳಲ್ಲಿ ವೈದ್ಯಕೀಯ ಮತ್ತು ಶಸ್ತ್ರವೈದ್ಯ ಎರಡರಲ್ಲಿಯೂ ಬಹುಮಾನ ಗಳಿಸಿದನು. ಕೊರ್ವಿಸಾರನು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ, ಹೊರಡುವ ಸದ್ದಿನಿಂದ ಒಳಗಿನ ಸ್ಥಿತಿಯನ್ನು ಊಹಿಸುತ್ತಿದ್ದನು. ಇದು ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯನು 1761ರಲ್ಲಿ ಪ್ರಕಟಿಸಿದ್ದ ವಿಧಾನ. ತುಂಬಿದ ಪೀಪಾಯಿ ಒಂದು ಬಗೆಯಾಗಿ, ಬರಿದಾದುದು ಇನ್ನೊಂದು ಬಗೆಯಾಗಿ ನುಡಿಯುವಂತೆ, ನೀರು ತುಂಬಿದ ಎದೆಯೂ ಗಾಳಿಯಾಡುವ ಎದೆಯೂ ಬೇರೆ ಬೇರೆಯಾಗಿ ನುಡಿಯುತ್ತವೆ. ಅಂದಿನ ವೈದ್ಯರಿಗೆ ಎದೆಯೊಳಗನ್ನು ಅರಿಯಲು ಇದಕ್ಕಿಂತ ಹೆಚ್ಚಿನ ದಾರಿ ಇರಲಿಲ್ಲ. ಕೆಮ್ಮು, ಕಫ, ಏದುಸಿರು ಇವೆಲ್ಲ ಹಲವು ರೋಗಗಳಲ್ಲಿ ಸಮಾನವಾಗಿ ಕಾಣಿಸಿಕೊಳ್ಳುವುದರಿಂದ, ಯಾವುದು ಯಾವ ರೋಗವೆಂಬುದು ಬಹುಮಟ್ಟಿಗೆ ರೋಗಿ ಸತ್ತ ಬಳಿಕವೇ ತಿಳಿಯುತ್ತಿತ್ತು.

ಇಲ್ಲಿ 1814ರ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸು ಬಾರದು. ಯುದ್ಧದ ಆ ದಿನಗಳಲ್ಲಿ ಬ್ರಿಟನಿಯ ಹಳ್ಳಿಗಳಿಂದ ಸೈನ್ಯಕ್ಕೆ ಸೇರಿದ್ದ ತರುಣರು ಅನೇಕರು ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ನರಳುತ್ತಿದ್ದರು. ಅವರಿಗೆ ಬರುತ್ತಿದ್ದುದು ಬ್ರೆಟನ್ ಭಾಷೆಯೊಂದೇ. ತಮ್ಮ ನೋವನ್ನು ಯಾರಿಗೂ ತಿಳಿಸಲಾರದೆ ಆ ಬಡಪಾಯಿಗಳು ಪರನಾಡಿನಲ್ಲಿ ಮೂಕರಂತಾಗಿದ್ದರು. ಆಗ ಲೇನೆಕನು ಅವರ ಆರೈಕೆಯನ್ನು ವಹಿಸಿಕೊಂಡು, ಅವರೊಡನೆ ಅವರದೇ ನುಡಿಯಲ್ಲಿ ಮಾತನಾಡಿದನು. ಊರು ಬಿಟ್ಟು ಮುಂಬಯಿಗೆ ಬಂದು ಬಾಳುವ ನಮಗೆ ಈ ಉಪಕಾರದ ಬೆಲೆಯನ್ನು ಬೇರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಎದೆಗೆ ಕಿವಿಗೊಡುವುದಕ್ಕೆ ಮೊದಲೇ ಲೇನೆಕನು ರೋಗಿಯ ಮಾತಿಗೆ ಕಿವಿಗೊಟ್ಟಿದ್ದನು.

1816ರಲ್ಲಿ ಲೇನೆಕನಿಗೆ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯಲ್ಲಿ ವೈದ್ಯನ ಹುದ್ದೆ ದೊರೆಯಿತು. ಅದೇ ವರ್ಷ ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳನ್ನು ಆತನು ಪರೀಕ್ಷಿಸಬೇಕಾಯಿತು. ಆಕೆಯದು ಸ್ಥೂಲಕಾಯವಾದುದರಿಂದ ಎದೆಯನ್ನು ತಟ್ಟಿ ನೋಡಿ ಪ್ರಯೋಜನವಿರಲಿಲ್ಲ. ನೇರವಾಗಿ ಎದೆಗೆ ಕಿವಿಯಿಡುವುದು ಸಭ್ಯತೆಗೆ ಒಪ್ಪುವಂತಿರಲಿಲ್ಲ. ಆಗ ಆತನಿಗೆ ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಆ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆಂಬ ಸಂಗತಿ ನೆನಪಿಗೆ ಬಂದಿತು. ಕೂಡಲೇ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಚ್ಚಿದನು. ಬರಿಯ ಕಿವಿಗೆ ಕೇಳುವುದಕ್ಕಿಂತ ಎಷ್ಟೋ ನಿಚ್ಚಳವಾಗಿ ಹೃದಯದ ಬಡಿತ ಕೇಳಿಸಿತು!

ಕಾಗದದ ಸುರುಳಿಯ ಬದಲು ಲೇನೆಕನು ತರುವಾಯ ಮರದ ಕೊಳವೆಯನ್ನು ತಾನೇ ಕಡೆದು ಸಿದ್ಧಪಡಿಸಿದನು. ಅದರ ಉದ್ದ ಸುಮಾರು ಒಂದು ಅಡಿ. ಎದೆಯನ್ನು ನೋಡುವ ಸಾಧನವೆಂಬ ಅರ್ಥದ ಗ್ರೀಕ್ ಶಬ್ದಗಳಿಂದ ಅದಕ್ಕೆ ಸ್ಟೆತೊಸ್ಕೋಪು ಎಂಬ ಹೆಸರಾಯಿತು. ಇಂದಿನ ವೈದ್ಯರ ಕೊರಳಲ್ಲಿರುವ, ಎರಡು ಕಿವಿಗಳಿಗೂ ಹಚ್ಚುವ ಸಾಧನ ಬಂದುದು ಆತನು ತೀರಿಕೊಂಡ ಇಪ್ಪತ್ತೈದು ವರ್ಷಗಳ ಮೇಲೆ.

ಕೊಳವೆಯನ್ನು ಮಾಡಿದ್ದು ಆತನ ಸಾಧನೆಯ ಆರಂಭ ಮಾತ್ರ. ಕೇಳಿದ ಸದ್ದಿಗೆ ಅರ್ಥ ಹಚ್ಚಿದ್ದು ಅದಕ್ಕೂ ಮಿಗಿಲಾದುದು. ನಾವು ಎಳೆದ ಉಸಿರು ಶ್ವಾಸನಾಳದ ಮೂಲಕ ಇಳಿದು, ಮರದ ಕೊಂಬೆಗಳಂತೆ ಕವಲೊಡೆದ ನಳಿಗೆಗಳಲ್ಲಿ ಹರಿದು, ಕೊನೆಗೆ ಕೋಟ್ಯಂತರ ಪುಟ್ಟ ಗಾಳಿಗೂಡುಗಳನ್ನು ಸೇರುತ್ತದೆ. ಆರೋಗ್ಯವಂತನ ಎದೆಯಲ್ಲಿ ಇದು ತಂಗಾಳಿಯ ಮೆಲುಸದ್ದಿನಂತೆ ಕೇಳಿಸುತ್ತದೆ. ರೋಗ ಬಂದಾಗ ಸದ್ದು ಬದಲಾಗುತ್ತದೆ. ನ್ಯುಮೋನಿಯಾ ರೋಗದಲ್ಲಿ ಗಾಳಿಗೂಡುಗಳು ದ್ರವದಿಂದ ತುಂಬುವುದರಿಂದ, ಕಾದ ಪಾತ್ರೆಯಲ್ಲಿ ಉಪ್ಪು ಚಟಪಟಿಸುವಂತಹ ಸದ್ದು ಬರುತ್ತದೆ. ನಳಿಗೆಗಳು ಕಿರಿದಾದಾಗ, ಉಬ್ಬಸದಲ್ಲಿ ಆಗುವಂತೆ, ಕಿರುಹಕ್ಕಿಗಳ ಚಿಲಿಪಿಲಿಯಂತೆ ಸಿಳ್ಳು ಕೇಳಿಸುತ್ತದೆ. ಶ್ವಾಸಕೋಶದ ಹೊರಪೊರೆಯಲ್ಲಿ ನೀರು ಸೇರಿದಾಗ, ರೋಗಿಯ ಮಾತು ಕೊಳವೆಯಲ್ಲಿ ಆಡಿನ ಕೂಗಿನಂತೆ ನಡುಗುತ್ತದೆ. ಕ್ಷಯವು ಶ್ವಾಸಕೋಶವನ್ನು ಕೊರೆದು ಪೊಟರೆ ಮಾಡಿದಲ್ಲಿ, ಮಾತು ಎದೆಯೊಳಗಿನಿಂದಲೇ ಹೊರಟಂತೆ ಕಿವಿಗೆ ಬಂದು ತಟ್ಟುತ್ತದೆ. ಬದುಕಿದ್ದಾಗ ಕೇಳಿದ ಸದ್ದನ್ನೂ ಸತ್ತ ಬಳಿಕ ಶವಪರೀಕ್ಷೆಯಲ್ಲಿ ಕಂಡುದನ್ನೂ ಒಂದೊಂದಾಗಿ ಹೋಲಿಸಿ, ಮೂರು ವರ್ಷ ದುಡಿದು, ಆತನು 1819ರಲ್ಲಿ ಎರಡು ಸಂಪುಟಗಳ ಮಹಾಗ್ರಂಥವನ್ನು ಪ್ರಕಟಿಸಿದನು.

ಈ ಸದ್ದುಗಳಲ್ಲಿ ಕೆಲವಕ್ಕೆ ಆತನು ಗೊರಗೊರ ಎಂಬ ಅರ್ಥದ ಫ್ರೆಂಚ್ ಶಬ್ದವನ್ನು ಆರಿಸಿದ್ದನು. ಆದರೆ ಜನಸಾಮಾನ್ಯರು ಆ ಶಬ್ದವನ್ನು ಸಾಯುವವರ ಗಂಟಲಿನ ಗೊರಕೆಗೆ ಬಳಸುತ್ತಿದ್ದರು. ಅದನ್ನು ಕೇಳಿ ರೋಗಿ ಎದೆಗುಂದದಿರಲೆಂದು, ಹಾಸಿಗೆಯ ಬಳಿ ನಿಂತಾಗ ಲೇನೆಕನು ಅದೇ ಅರ್ಥದ ಲ್ಯಾಟಿನ್ ಶಬ್ದವನ್ನು ನುಡಿಯುತ್ತಿದ್ದನು. ಆತನ ಅಂತಃಕರಣಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗ್ರಂಥ ಹೊರಬಿದ್ದ ವರ್ಷವೇ ಲೇನೆಕನ ದೇಹಸ್ಥಿತಿ ಕುಸಿಯಿತು. ಬ್ರಿಟನಿಗೆ ಮರಳಿ ಹೊಲಮನೆಯ ಬದುಕಿನಲ್ಲಿ ಕೊಂಚ ಚೇತರಿಸಿಕೊಂಡು, 1821ರಲ್ಲಿ ಪುನಃ ಪ್ಯಾರಿಸ್ಸಿಗೆ ಬಂದನು. ಪ್ರಾಧ್ಯಾಪಕನಾದನು, ದೇಶವಿದೇಶಗಳ ವೈದ್ಯರು ಆತನಿಂದ ಆಲಿಸುವ ವಿದ್ಯೆಯನ್ನು ಕಲಿತರು. 1826ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಯನ್ನು ಪರಿಷ್ಕರಿಸಿ ಮುಗಿಸುವ ವೇಳೆಗೆ ಜ್ವರವೂ ಕೆಮ್ಮೂ ಆತನನ್ನು ಜರ್ಝರಿತಗೊಳಿಸಿದ್ದವು. ವೈದ್ಯನೇ ಆಗಿದ್ದ ದಾಯಾದಿ ಮೇರಿಯಾದೆಕನು ಆತನ ಎದೆಗೆ ಕೊಳವೆಯನ್ನಿಟ್ಟು ಆಲಿಸಿ, ಕೇಳಿದುದನ್ನು ತಿಳಿಸಿದನು. ಆ ಸದ್ದಿನ ಅರ್ಥವನ್ನು ಲೇನೆಕನಿಗಿಂತ ಚೆನ್ನಾಗಿ ಬಲ್ಲವರು ಜಗತ್ತಿನಲ್ಲಿ ಯಾರಿದ್ದರು? ಅದು ಕ್ಷಯವಾಗಿತ್ತು. ಆತನ ತಮ್ಮನನ್ನೂ, ಪ್ರಿಯಮಿತ್ರನೂ ಕ್ಷಯರೋಗದ ಸಂಶೋಧಕನೂ ಆಗಿದ್ದ ವೈದ್ಯ ಬೇಲನನ್ನೂ ಕೊಂಡೊಯ್ದ ಅದೇ ವ್ಯಾಧಿ. 1826ರ ಆಗಸ್ಟ್ 13ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಬ್ರಿಟನಿಯ ತನ್ನ ಮನೆಯಲ್ಲಿ ಲೇನೆಕನು ಕಣ್ಮುಚ್ಚಿದನು. ತನ್ನ ಸ್ಟೆತೊಸ್ಕೋಪನ್ನು ಮೇರಿಯಾದೆಕನಿಗೆ ಬಿಟ್ಟುಹೋದನು.

ಇಂತಹ ಮಹಾಪುರುಷನೂ ಒಂದು ವಿಷಯದಲ್ಲಿ ತಪ್ಪಿದ್ದನು. ಕ್ಷಯವು ಒಬ್ಬರಿಂದೊಬ್ಬರಿಗೆ ಹರಡುವ ರೋಗವೆಂದು ಆತನು ಒಪ್ಪಿರಲಿಲ್ಲ. ಮನಸ್ಸಿನ ದುಃಖವೂ ಅದಕ್ಕೆ ಕಾರಣವೆಂದು ಎಣಿಸಿದ್ದನು. ಅದು ಅಂಟುವ ರೋಗವೆಂಬುದನ್ನು ವಿಲ್ಮಾ ಎಂಬ ಫ್ರೆಂಚ್ ವೈದ್ಯನು 1865ರಲ್ಲಿ ಪ್ರಯೋಗದಿಂದ ತೋರಿಸಿದನು. ಅದರ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಲೋಕಕ್ಕೆ ಪ್ರಕಟಿಸಿದನು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ದೊರೆತುದು 1943ರಲ್ಲಿ. ಲೇನೆಕನನ್ನು ಬದುಕಿಸಬಹುದಾಗಿದ್ದ ಮದ್ದು ಬರಲು ನೂರು ವರ್ಷಗಳಿಗೂ ಮೀರಿ ಕಾಯಬೇಕಾಯಿತು. ನಮ್ಮ ದೇಶದ ಕಾಣಿಕೆಯೂ ಇದರಲ್ಲಿದೆ. ಮದರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗಿಯು ಮನೆಯಲ್ಲಿದ್ದುಕೊಂಡು ಕ್ರಮವಾಗಿ ಔಷಧ ಸೇವಿಸಿದರೂ ಆರೋಗ್ಯಧಾಮದಲ್ಲಿದ್ದವನಂತೆಯೇ ಗುಣ ಹೊಂದಬಲ್ಲನೆಂದು ಜಗತ್ತಿಗೆ ತೋರಿಸಿಕೊಟ್ಟಿತು.

ಈ ಮಹಾನಗರಕ್ಕೆ ನಾವು ಬಂದ ಹೊಸತರಲ್ಲಿ, ನಮ್ಮ ಕೋಣೆಯಲ್ಲಿ ಊರ ಕಡೆಯ ತರುಣನೊಬ್ಬನಿದ್ದನು. ಹೋಟೆಲಿನಲ್ಲಿ ದುಡಿಯುತ್ತಿದ್ದ ಆತನಿಗೆ ಕೆಮ್ಮು ಹಿಡಿದು ತಿಂಗಳು ಎರಡಾದರೂ, ಕೆಲಸ ಹೋದೀತು, ಕೋಣೆಯವರು ದೂರ ಮಾಡಿಯಾರು ಎಂಬ ಅಂಜಿಕೆಯಿಂದ ರಾತ್ರಿ ದಿಂಬಿಗೆ ಬಾಯೊತ್ತಿ ಕೆಮ್ಮುತ್ತಿದ್ದನು. ಪಕ್ಕದಲ್ಲಿಯೇ ಮಲಗುತ್ತಿದ್ದ ನಾವು ಕೇಳಿಯೂ ಕೇಳದಂತಿದ್ದೆವು. ಆ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಕಫದಲ್ಲಿ ರಕ್ತ ಕಂಡ ಬಳಿಕವೇ ಆಸ್ಪತ್ರೆಗೆ ಕರೆದೊಯ್ದೆವು. ಆರು ತಿಂಗಳು ತಪ್ಪದೆ ಔಷಧ ನುಂಗಿ ಆತನು ಗುಣಹೊಂದಿದನು. ಲೇನೆಕನಿಗೆ ಇಲ್ಲದಿದ್ದ ಭಾಗ್ಯ ಹೋಟೆಲಿನ ಒಬ್ಬ ಬಡ ತರುಣನಿಗೆ ದೊರೆಯಿತು. ಆದರೆ ಅಷ್ಟು ದಿನ ಮುಚ್ಚಿಟ್ಟುದರಿಂದ ಆತನು ಪಟ್ಟ ಪಾಡು, ಆ ಇಕ್ಕಟ್ಟಾದ ಕೋಣೆಯಲ್ಲಿ ಉಳಿದವರಿಗೆ ಒದಗಿದ್ದ ಅಪಾಯ ಇವು ಅಲ್ಪವಲ್ಲ.

ಆದುದರಿಂದ ವಿದ್ಯಾರ್ಥಿಗಳೇ, ಎರಡು ವಾರಕ್ಕೂ ಮೀರಿ ಕೆಮ್ಮು ನಿಲ್ಲದಿದ್ದರೆ ತಂದೆತಾಯಿಗಳಿಗಾಗಲಿ ನಮಗಾಗಲಿ ಸಂಕೋಚವಿಲ್ಲದೆ ತಿಳಿಸಿರಿ. ಕೆಮ್ಮುವಾಗ ಬಾಯಿಗೆ ಬಟ್ಟೆಯನ್ನು ಅಡ್ಡ ಹಿಡಿಯಿರಿ. ಮನೆ ಚಿಕ್ಕದಾದರೂ ಕಿಟಕಿಯನ್ನು ತೆರೆದಿಡಿರಿ. ಉಬ್ಬಸವಿರುವ ಸಹಪಾಠಿಯನ್ನು ದೂರವಿರಿಸಬೇಡಿರಿ. ಉಬ್ಬಸ ಅಂಟುವ ರೋಗವಲ್ಲ. ಮುಂದಿನ ಸಲ ವೈದ್ಯರು ನಿಮ್ಮ ಎದೆಗೆ ಆ ತಣ್ಣನೆಯ ಬಿಲ್ಲೆಯನ್ನು ಇಟ್ಟಾಗ ಕೆಮ್ಮನ್ನು ಅದುಮಿ ಹಿಡಿಯಬೇಡಿರಿ. ನೆಕೆರ್ ಆಸ್ಪತ್ರೆಯ ಆ ಕೃಶಕಾಯದ ವೈದ್ಯನನ್ನು ಮನಸ್ಸಿನಲ್ಲಿ ನೆನೆದು, ದೀರ್ಘವಾಗಿ ಉಸಿರೆಳೆಯಿರಿ.