ಹಂಫ್ರಿ ಲಿಟಲ್ಟನ್

ಹಂಫ್ರಿ ರಿಚರ್ಡ್ ಅಡೀನ್ ಲಿಟಲ್ಟನ್ (23 ಮೇ 1921 – 25 ಏಪ್ರಿಲ್ 2008) ಇಂಗ್ಲೆಂಡಿನ ಜಾಜ್ ಟ್ರಂಪೆಟ್ ವಾದಕರು, ವಾದ್ಯವೃಂದದ ನಾಯಕರು, ವ್ಯಂಗ್ಯಚಿತ್ರಕಾರರು, ಲೇಖಕರು ಹಾಗೂ ಬಾನುಲಿ ನಿರೂಪಕರು. ಅಭಿಮಾನಿಗಳ ನಡುವೆ ಇವರು ಹಂಫ್ ಎಂಬ ಕಿರುಹೆಸರಿನಿಂದ ಪರಿಚಿತರಾಗಿದ್ದರು. ಬಿಬಿಸಿ ರೇಡಿಯೋ 4ರಲ್ಲಿ 1972ರಲ್ಲಿ ಆರಂಭವಾದ ಐ ಆಮ್ ಸಾರಿ ಐ ಹ್ಯಾವನ್ಟ್ ಎ ಕ್ಲೂ (ಕ್ಷಮಿಸಿ, ನನಗೇನೂ ತಿಳಿಯದು ಎಂದು ಅರ್ಥ) ಎಂಬ ಹಾಸ್ಯ ಕಾರ್ಯಕ್ರಮದ ಅಧ್ಯಕ್ಷಸ್ಥಾನದಲ್ಲಿ 36 ವರ್ಷಗಳ ಕಾಲ ಇದ್ದರು. ಇವರ ನಿಧನದ ಬಳಿಕ ಆ ಸ್ಥಾನಕ್ಕೆ ಯಾರನ್ನು ತರಬೇಕು, ತರುವುದೇ ಸರಿಯೇ ಎಂಬ ಪ್ರಶ್ನೆ ಎದ್ದಿತು. 2009ರಲ್ಲಿ ಮೂವರು ನಿರೂಪಕರೊಂದಿಗೆ ಮರಳಿದ ಕಾರ್ಯಕ್ರಮಕ್ಕೆ ಮುಂದೆ ಹಾಸ್ಯನಟ ಜ್ಯಾಕ್ ಡೀ ಕಾಯಂ ನಿರೂಪಕರಾದರು.

ಜನನ ಮತ್ತು ಬಾಲ್ಯ

ಲಿಟಲ್ಟನ್ ಅವರು 1921ರ ಮೇ 23ರಂದು ಇಂಗ್ಲೆಂಡಿನ ಪ್ರಸಿದ್ಧ ಈಟನ್ ಶಾಲೆಯ ಆವರಣದಲ್ಲಿ ಜನಿಸಿದರು. ತಂದೆ ಜಾರ್ಜ್ ಲಿಟಲ್ಟನ್ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಕುಟುಂಬವು ಕಾಬಮ್ ಎಂಬ ಶ್ರೀಮಂತ ಮನೆತನಕ್ಕೆ ಸೇರಿದುದು. ಇಂಗ್ಲೆಂಡ್ ದೇಶವನ್ನು ಕ್ರಿಕೆಟ್ ಮತ್ತು ಫುಟ್‌ಬಾಲ್ ಎರಡರಲ್ಲೂ ಪ್ರತಿನಿಧಿಸಿದ ಆಲ್ಫ್ರೆಡ್ ಲಿಟಲ್ಟನ್ ಇದೇ ಮನೆತನದವರು.

ಹಂಫ್ರಿ ಅವರೂ ಈಟನ್ ಶಾಲೆಯಲ್ಲೇ ವಿದ್ಯಾಭ್ಯಾಸ ಮಾಡಿದರು. ಅಲ್ಲಿ ಅವರಿಗೆ ಜಾಜ್ ಸಂಗೀತದ ಒಲವು ಬೆಳೆಯಿತು. ಟ್ರಂಪೆಟ್ ವಾದನವನ್ನು ಗುರುಮುಖದಿಂದ ಕಲಿಯದೆ, ಧ್ವನಿಮುದ್ರಿಕೆಗಳನ್ನು ಕೇಳುತ್ತ ಸ್ವಂತ ಅಭ್ಯಾಸದಿಂದ ರೂಢಿಸಿಕೊಂಡರು. 1936ರಲ್ಲಿ ಸಹಪಾಠಿಗಳನ್ನು ಕೂಡಿಸಿಕೊಂಡು ಒಂದು ಚಿಕ್ಕ ವಾದ್ಯತಂಡವನ್ನು ಕಟ್ಟಿದರು. ಮುಂದೆ ಪತ್ರಕರ್ತರಾಗಿ ಹೆಸರಾದ ಲುಡೋವಿಕ್ ಕೆನಡಿ ಆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದರು.

ಶಾಲೆ ಮುಗಿದ ಬಳಿಕ ಲಿಟಲ್ಟನ್ ಕೆಲವು ಕಾಲ ದಕ್ಷಿಣ ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದರು. ಶ್ರೀಮಂತ ಮನೆತನದಲ್ಲಿ ಬೆಳೆದ ಅವರಲ್ಲಿ ಈ ಅನುಭವವು ಸಮಾಜವಾದಿ ಒಲವನ್ನು ಮೂಡಿಸಿತು.

ಸೈನ್ಯ ಸೇವೆ

ಎರಡನೆಯ ಮಹಾಯುದ್ಧದ ಸಮಯದಲ್ಲಿ ಲಿಟಲ್ಟನ್ ಗ್ರೆನೆಡಿಯರ್ ಗಾರ್ಡ್ಸ್ ದಳದಲ್ಲಿ ಅಧಿಕಾರಿಯಾಗಿ ಸೇರಿದರು. 1943ರ ಸೆಪ್ಟೆಂಬರಿನಲ್ಲಿ ಮಿತ್ರಪಡೆಗಳು ಇಟಲಿಯ ಸಲೆರ್ನೊ ಕಡಲತೀರದಲ್ಲಿ ಇಳಿದಾಗ ಅವರೂ ಆ ಕಾರ್ಯಾಚರಣೆಯಲ್ಲಿದ್ದರು. ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈಯಲ್ಲಿ ಟ್ರಂಪೆಟ್ ಹಿಡಿದು ದಡ ಸೇರಿದರೆಂಬುದು ಅವರ ಬಗೆಗಿನ ಪ್ರಸಿದ್ಧ ಪ್ರಸಂಗ.

ಯುರೋಪಿನಲ್ಲಿ ಯುದ್ಧ ಮುಗಿದ 1945ರ ಮೇ 8ರಂದು ಲಂಡನ್ನಿನ ಬೀದಿಗಳಲ್ಲಿ ನಡೆದ ವಿಜಯೋತ್ಸವದಲ್ಲಿ ಅವರು ಕೈಗಾಡಿಯೊಂದರಲ್ಲಿ ಕುಳಿತು ಟ್ರಂಪೆಟ್ ನುಡಿಸಿದರು. ಸಂಭ್ರಮವನ್ನು ಪ್ರಸಾರ ಮಾಡುತ್ತಿದ್ದ ಬಿಬಿಸಿಯ ಧ್ವನಿಮುದ್ರಣದಲ್ಲಿ ಆ ನಾದವೂ ಸೇರಿಕೊಂಡಿತು. ಹೀಗೆ, ತಮಗರಿವಿಲ್ಲದೆಯೇ ಅವರು ಮೊದಲ ಬಾರಿಗೆ ಬಾನುಲಿಯಲ್ಲಿ ಕೇಳಿಬಂದರು.

ಸಂಗೀತ ಜೀವನ

ಯುದ್ಧಾನಂತರ ಲಿಟಲ್ಟನ್ ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ವ್ಯಂಗ್ಯಚಿತ್ರಕಾರರೂ ಕ್ಲಾರಿನೆಟ್ ವಾದಕರೂ ಆಗಿದ್ದ ವಾಲಿ ಫಾಕ್ಸ್ ಅವರ ಒಡನಾಟದಿಂದ 1949ರಲ್ಲಿ ಡೈಲಿ ಮೇಲ್ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರರಾದರು. ಅದಕ್ಕೂ ಮೊದಲು 1947ರಲ್ಲಿ ಜಾರ್ಜ್ ವೆಬ್ ಅವರ ಡಿಕ್ಸಿಲ್ಯಾಂಡರ್ಸ್ ತಂಡವನ್ನು ಸೇರಿದ್ದರು. 1948ರಲ್ಲಿ ಸ್ವಂತ ತಂಡವನ್ನು ಸ್ಥಾಪಿಸಿದರು.

ಆರಂಭದಲ್ಲಿ ಅವರ ತಂಡವು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಹಳೆಯ ಜಾಜ್ ಪದ್ಧತಿಯನ್ನು ಅನುಸರಿಸುತ್ತಿತ್ತು. ಕಾಲಕ್ರಮೇಣ ಲಿಟಲ್ಟನ್ ಬೇರೆ ಶೈಲಿಗಳತ್ತ ಹೊರಳಿದರು. 1953ರಲ್ಲಿ ಆಲ್ಟೋ ಸ್ಯಾಕ್ಸೊಫೋನ್ ವಾದಕ ಬ್ರೂಸ್ ಟರ್ನರ್ ಅವರನ್ನು ತಂಡಕ್ಕೆ ಸೇರಿಸಿಕೊಂಡದ್ದು ಸಂಪ್ರದಾಯಪ್ರಿಯ ಅಭಿಮಾನಿಗಳಿಗೆ ಹಿಡಿಸಲಿಲ್ಲ. ಬರ್ಮಿಂಗ್‌ಹ್ಯಾಮ್ ಪುರಭವನದ ಕಚೇರಿಯಲ್ಲಿ ಟರ್ನರ್ ವೇದಿಕೆಗೆ ಬಂದಾಗ ಕೆಲವರು ಅವರನ್ನು ಹಿಂದಿರುಗುವಂತೆ ಹೇಳುವ ಫಲಕವನ್ನೇ ಎತ್ತಿ ಹಿಡಿದರು. ಲಿಟಲ್ಟನ್ ಟರ್ನರ್ ಅವರನ್ನು ಕೈಬಿಡಲಿಲ್ಲ. ಶ್ರೋತೃಗಳ ಅಭಿರುಚಿಗೆ ಅಂಜಿ ತಮ್ಮ ಸಂಗೀತವನ್ನು ಹಿಂದಕ್ಕೆ ತಿರುಗಿಸಲೂ ಇಲ್ಲ.

1956ರಲ್ಲಿ ಪಾರ್ಲೊಫೋನ್ ಸಂಸ್ಥೆಯಿಂದ ಬಂದ ಬ್ಯಾಡ್ ಪೆನಿ ಬ್ಲೂಸ್ ಎಂಬ ಧ್ವನಿಮುದ್ರಿಕೆಯು ಬ್ರಿಟನ್ನಿನ ಮಾರಾಟದ ಮೊದಲ 20ರ ಪಟ್ಟಿಯನ್ನು ಪ್ರವೇಶಿಸಿತು. ಆ ಮಟ್ಟವನ್ನು ಮುಟ್ಟಿದ ಮೊದಲ ಬ್ರಿಟಿಷ್ ಜಾಜ್ ಧ್ವನಿಮುದ್ರಿಕೆ ಇದೆಂದು ಪರಿಗಣಿಸಲಾಗಿದೆ. ಇದರ ಪಿಯಾನೋ ವಾದನವು ಬೀಟಲ್ಸ್ ತಂಡದ 1968ರ ಲೇಡಿ ಮಡೋನಾ ಹಾಡಿನ ಮೇಲೆ ಪ್ರಭಾವ ಬೀರಿತೆಂದು ಹೇಳಲಾಗುತ್ತದೆ. 1980ರ ದಶಕದಲ್ಲಿ ಲಿಟಲ್ಟನ್ ಕ್ಯಾಲಿಗ್ರಾಫ್ ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ಆರಂಭಿಸಿದರು. ತಮ್ಮ ಎಂಬತ್ತರ ಹೊಸ್ತಿಲಲ್ಲಿ ರಾಕ್ ತಂಡವಾದ ರೇಡಿಯೋಹೆಡ್ ಜೊತೆಗೂ ನುಡಿಸಿದರು. ಆ ಹಾಡು 2001ರಲ್ಲಿ ಹೊರಬಂದ ಅಮ್ನೀಸಿಯಾಕ್ ಸಂಕಲನದಲ್ಲಿದೆ.

ಬಾನುಲಿಯಲ್ಲಿ

1967ರಿಂದ 2008ರ ಮಾರ್ಚ್ ವರೆಗೆ ಲಿಟಲ್ಟನ್ ಬಿಬಿಸಿಯಲ್ಲಿ ದಿ ಬೆಸ್ಟ್ ಆಫ್ ಜಾಜ್ ಎಂಬ ಸಂಗೀತ ಕಾರ್ಯಕ್ರಮವನ್ನು ನಡೆಸಿದರು. ಹಳೆಯ ಹಾಗೂ ಹೊಸ ಜಾಜ್ ಎರಡನ್ನೂ ಒಂದೇ ಆದರದಿಂದ ಕೇಳಿಸುತ್ತಿದ್ದ ಈ ಕಾರ್ಯಕ್ರಮದಿಂದ ಎರಡು ಮೂರು ತಲೆಮಾರುಗಳ ಕೇಳುಗರು ಜಾಜ್ ಪರಿಚಯ ಪಡೆದರು.

ಸಂಗೀತದ ಆಸಕ್ತಿ ಇಲ್ಲದವರಿಗೂ ಅವರ ಹೆಸರನ್ನು ತಲುಪಿಸಿದ್ದು ಐ ಆಮ್ ಸಾರಿ ಐ ಹ್ಯಾವನ್ಟ್ ಎ ಕ್ಲೂ. ಗ್ರೇಮ್ ಗಾರ್ಡನ್ ರೂಪಿಸಿದ ಈ ಕಾರ್ಯಕ್ರಮದ ಮೊದಲ ಪ್ರಸಾರ 1972ರ ಏಪ್ರಿಲ್ 11ರಂದು ನಡೆಯಿತು. ಬರೆದಿಟ್ಟ ಪ್ರಹಸನಗಳ ಬದಲು, ಆಶುಮಾತಿನಿಂದಲೇ ನಗೆ ಹುಟ್ಟಿಸುವುದು ಇದರ ಉದ್ದೇಶವಾಗಿತ್ತು. ಮೊದಲ ಸರಣಿಯ ಕೆಲವು ಸಂಚಿಕೆಗಳನ್ನು ಬ್ಯಾರಿ ಕ್ರಾಯರ್ ನಡೆಸಿಕೊಟ್ಟಿದ್ದರು. ಬಳಿಕ ಅವರು ಸ್ಪರ್ಧಿಗಳ ಸಾಲಿಗೆ ಸೇರಿದರು. ಅಧ್ಯಕ್ಷಸ್ಥಾನ ಲಿಟಲ್ಟನ್ ಅವರದಾಯಿತು. ಗಾರ್ಡನ್, ಕ್ರಾಯರ್, ಟಿಮ್ ಬ್ರೂಕ್-ಟೇಲರ್ ಮತ್ತು ವಿಲ್ಲಿ ರಶ್ಟನ್ ದೀರ್ಘಕಾಲ ಇದರ ಕಾಯಂ ಸದಸ್ಯರಾಗಿದ್ದರು.

ಕಾರ್ಯಕ್ರಮದ ಸ್ವರೂಪ

ಇಬ್ಬಿಬ್ಬರ ಎರಡು ತಂಡಗಳಿಗೆ ಅಧ್ಯಕ್ಷರು ಸುತ್ತಿನಿಂದ ಸುತ್ತಿಗೆ ವಿಚಿತ್ರವಾದ ಕೆಲಸಗಳನ್ನು ವಹಿಸುತ್ತಾರೆ. ಒಂದು ಹಾಡಿನ ಸಾಹಿತ್ಯವನ್ನು ಇನ್ನೊಂದರ ಧಾಟಿಯಲ್ಲಿ ಹಾಡುವುದು, ಪರಿಚಿತ ಪದಗಳಿಗೆ ತಲೆಕೆಳಗಾದ ಅರ್ಥ ಹೇಳುವುದು ಮೊದಲಾದವು ಇದರಲ್ಲಿ ಸೇರಿವೆ. ಹೊರನೋಟಕ್ಕೆ ಇದು ಸ್ಪರ್ಧೆಯಾದರೂ ನಿಜವಾದ ಅಂಕಗಳಿಲ್ಲ. ಅಂಕ ಬರೆಯುವವಳೆಂದು ಅಧ್ಯಕ್ಷರು ಪರಿಚಯಿಸುವ ಸಮಂತಾ ಕೇವಲ ಕಲ್ಪಿತ ಪಾತ್ರ.

1978ರಲ್ಲಿ ಸೇರಿದ ಮಾರ್ನಿಂಗ್ಟನ್ ಕ್ರೆಸೆಂಟ್ ಎಂಬ ಆಟ ಬಹಳ ಪ್ರಸಿದ್ಧವಾಯಿತು. ಇದರಲ್ಲಿ ಆಟಗಾರರು ಸರದಿಯಂತೆ ಲಂಡನ್ನಿನ ಸ್ಥಳಗಳ ಹೆಸರು ಹೇಳುತ್ತ ಹೋಗುತ್ತಾರೆ. ಮಾರ್ನಿಂಗ್ಟನ್ ಕ್ರೆಸೆಂಟ್ ಎಂಬ ನೆಲದಡಿಯ ರೈಲು ನಿಲ್ದಾಣದ ಹೆಸರನ್ನು ಮೊದಲು ಹೇಳಿದವರು ಗೆದ್ದಂತೆ. ಆಟಕ್ಕೆ ಅತಿ ಜಟಿಲ ನಿಯಮಗಳಿವೆ ಎಂದು ಎಲ್ಲರೂ ಗಂಭೀರವಾಗಿ ನಟಿಸುತ್ತಾರೆ. ವಾಸ್ತವದಲ್ಲಿ ಯಾವ ನಿಯಮವೂ ಇಲ್ಲ. ದುರಸ್ತಿಗಾಗಿ 1992ರಲ್ಲಿ ಮುಚ್ಚಿದ್ದ ಆ ನಿಲ್ದಾಣ 1998ರ ಏಪ್ರಿಲ್ 27ರಂದು ಮತ್ತೆ ತೆರೆದಾಗ ಕಾರ್ಯಕ್ರಮದ ಕಲಾವಿದರೇ ಸಮಾರಂಭದಲ್ಲಿ ಪಾಲ್ಗೊಂಡರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ತಾಳಮದ್ದಳೆ ಕೂಟಗಳನ್ನು ಬಲ್ಲವರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸದು. ಅಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿಗಳು ಆಶುವಾಗಿ ಮಾತನಾಡುತ್ತಾರೆ. ಸ್ವತಃ ಪಾತ್ರವಾಗದ ಭಾಗವತರು ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ವಸ್ತು ಮತ್ತು ಉದ್ದೇಶ ಬೇರೆಯಾದರೂ, ಮಾತುಗಾರರ ನಡುವೆ ಕುಳಿತು ಕೂಟದ ಗತಿಯನ್ನು ಕಾಯುವ ಹೊಣೆ ಬಾನುಲಿ ಕಾರ್ಯಕ್ರಮದ ಅಧ್ಯಕ್ಷರದೂ ಆಗಿತ್ತು.

ನಿರೂಪಣೆಯ ಶೈಲಿ

ಲಿಟಲ್ಟನ್ ಹಾಸ್ಯನಟರಾಗಿರಲಿಲ್ಲ; ಅದೇ ಅವರ ಅನುಕೂಲವಾಯಿತು. ಸುತ್ತಲಿನವರ ತಮಾಷೆ ತನಗೆ ಅರ್ಥವಾಗುತ್ತಿಲ್ಲ, ಯಾಕಾದರೂ ಇಲ್ಲಿಗೆ ಬಂದೆನೋ ಎಂಬಂತಹ ಬೇಸರದ, ಗೊಂದಲದ ಧ್ವನಿಯಲ್ಲಿ ಅವರು ಮಾತನಾಡುತ್ತಿದ್ದರು. 1990ರ ದಶಕದಿಂದ ಅವರ ಮಾತುಗಳನ್ನು ಇಯಾನ್ ಪ್ಯಾಟಿನ್ಸನ್ ಬರೆದುಕೊಡುತ್ತಿದ್ದರು. ದ್ವಂದ್ವಾರ್ಥದ ಸಾಲುಗಳನ್ನು ಲಿಟಲ್ಟನ್ ಒಳ ಅರ್ಥವೇ ತಿಳಿಯದ ಮುಗ್ಧರಂತೆ ಓದುತ್ತಿದ್ದರು. ನಗುವ ಕೆಲಸವನ್ನು ಸಂಪೂರ್ಣವಾಗಿ ಸಭಿಕರಿಗೇ ಬಿಟ್ಟುಬಿಡುತ್ತಿದ್ದರು. ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಮೌನವಾಗಿರಬೇಕು ಎಂಬ ಅವರ ಕಾಲಪ್ರಜ್ಞೆಗೆ ಸಂಗೀತಗಾರನ ಲಯಜ್ಞಾನವೇ ಮೂಲವೆಂದು ಹಲವರು ಗುರುತಿಸಿದ್ದಾರೆ.

ನಿಧನ

2008ರ ವಸಂತಕಾಲದಲ್ಲಿ ಕಾರ್ಯಕ್ರಮದ ತಂಡವು ರಂಗಪ್ರದರ್ಶನಗಳ ಪ್ರವಾಸದಲ್ಲಿತ್ತು. ಏಪ್ರಿಲ್ 22ರಂದು ಬೋರ್ನ್‌ಮತ್ ನಗರದಲ್ಲಿ ನಡೆದ ಪ್ರದರ್ಶನಕ್ಕೆ ಲಿಟಲ್ಟನ್ ಬರಲಾಗಲಿಲ್ಲ. ಅವರ ಬದಲಿಗೆ ರಾಬ್ ಬ್ರೈಡನ್ ಅಧ್ಯಕ್ಷರ ಆಸನದಲ್ಲಿ ಕುಳಿತರು. ಲಿಟಲ್ಟನ್ ಅವರ ಧ್ವನಿಮುದ್ರಿತ ಸಂದೇಶವನ್ನು ಸಭಿಕರಿಗೆ ಕೇಳಿಸಲಾಯಿತು. ಮೂರು ದಿನಗಳ ಬಳಿಕ, ಏಪ್ರಿಲ್ 25ರಂದು, ಮಹಾಪಧಮನಿಯ ಊತಕ್ಕೆ ಸಂಬಂಧಿಸಿದ ಶಸ್ತ್ರಚಿಕಿತ್ಸೆಯ ನಂತರ ಲಂಡನ್ನಿನ ಬಾರ್ನೆಟ್ ಆಸ್ಪತ್ರೆಯಲ್ಲಿ ಅವರು ನಿಧನರಾದರು. ಆಗ ಅವರಿಗೆ 86 ವರ್ಷ. ಯೋಜಿತವಾಗಿದ್ದ ಹೊಸ ಸರಣಿಯನ್ನು ರದ್ದುಪಡಿಸಲಾಯಿತು.

ಉತ್ತರಾಧಿಕಾರದ ಪ್ರಶ್ನೆ

ಸದಸ್ಯರೊಬ್ಬರನ್ನು ಕಳೆದುಕೊಂಡ ಅನುಭವ ಕಾರ್ಯಕ್ರಮಕ್ಕೆ ಮೊದಲೇ ಇತ್ತು. ವಿಲ್ಲಿ ರಶ್ಟನ್ 1996ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರ ಜಾಗಕ್ಕೆ ಕಾಯಂ ಸದಸ್ಯರನ್ನು ನೇಮಿಸಲಿಲ್ಲ. ಅತಿಥಿ ಕಲಾವಿದರು ಸರದಿಯಂತೆ ಆ ಸ್ಥಾನದಲ್ಲಿ ಕುಳಿತರು. ಆದರೆ ಅಧ್ಯಕ್ಷರ ಸ್ಥಾನ ಅಂತಹುದಲ್ಲ. ಪ್ರತಿ ಸುತ್ತನ್ನು ಪರಿಚಯಿಸುವ ಧ್ವನಿಯೇ ಬದಲಾದರೆ ಕಾರ್ಯಕ್ರಮವೇ ಬೇರೆಯಾದಂತೆ. ಲಿಟಲ್ಟನ್ ಇಲ್ಲದೆ ಅದನ್ನು ಮುಂದುವರಿಸುವುದೇ ತರವಲ್ಲ ಎಂಬ ಭಾವನೆ ಅನೇಕ ಕೇಳುಗರಲ್ಲಿತ್ತು.

ಆ ವರ್ಷ ಹೊಸ ಸರಣಿ ಪ್ರಸಾರವಾಗಲಿಲ್ಲ. 2009ರಲ್ಲಿ ಕಾರ್ಯಕ್ರಮವನ್ನು ಪುನರಾರಂಭಿಸಲು ಬಿಬಿಸಿ ತೀರ್ಮಾನಿಸಿದಾಗ ಒಬ್ಬರನ್ನೇ ಉತ್ತರಾಧಿಕಾರಿಯೆಂದು ಘೋಷಿಸಲಿಲ್ಲ. ಜೂನ್ ತಿಂಗಳಲ್ಲಿ ಆರಂಭವಾದ ಸರಣಿಯನ್ನು ಸ್ಟೀಫನ್ ಫ್ರೈ, ಜ್ಯಾಕ್ ಡೀ ಮತ್ತು ರಾಬ್ ಬ್ರೈಡನ್ ಹಂಚಿಕೊಂಡು ನಡೆಸಿದರು. ಹೊಸಬರೊಬ್ಬರನ್ನು ನೇರವಾಗಿ ಲಿಟಲ್ಟನ್ ಅವರೊಂದಿಗೆ ತೂಗಿ ನೋಡುವ ಸನ್ನಿವೇಶ ಇದರಿಂದ ತಪ್ಪಿತು. ಅದೇ ವರ್ಷದ ಮುಂದಿನ ಸರಣಿಯನ್ನು ಜ್ಯಾಕ್ ಡೀ ಒಬ್ಬರೇ ನಡೆಸಿದರು. ಅನಂತರದ ಸರಣಿಗಳಿಗೂ ಅವರೇ ಮುಂದುವರಿದರು.

ಡೀ ಅವರು ಲಿಟಲ್ಟನ್ ಅವರ ಅನುಕರಣೆಗೆ ಹೋಗಲಿಲ್ಲ. ಸಿಡುಕು ಮುಖದ, ಯಾವುದರಲ್ಲೂ ಉತ್ಸಾಹ ತೋರದ ವ್ಯಕ್ತಿಯಾಗಿ ಅವರು ಹಾಸ್ಯವೇದಿಕೆಯಲ್ಲಿ ಮೊದಲೇ ಹೆಸರು ಗಳಿಸಿದ್ದರು. ಲಿಟಲ್ಟನ್ ಅವರದು ದಾರಿ ತಪ್ಪಿ ಬಂದ ಹಿರಿಯರ ಗೊಂದಲವಾಗಿದ್ದರೆ, ಡೀ ಅವರದು ಒಲ್ಲದ ಮನಸ್ಸಿನ ಅಸಹನೆ. ಹೀಗೆ ಅಧ್ಯಕ್ಷರಿಗೆ ಅಲ್ಲಿರಲು ಇಷ್ಟವಿಲ್ಲ ಎಂಬ ಕಾರ್ಯಕ್ರಮದ ಮೂಲ ತಮಾಷೆ ಉಳಿಯಿತು, ಧ್ವನಿ ಮಾತ್ರ ಬದಲಾಯಿತು. ನಿರ್ಮಾಪಕ ಜಾನ್ ನೈಸ್ಮಿತ್, ಬರಹಗಾರ ಪ್ಯಾಟಿನ್ಸನ್, ಪಿಯಾನೋ ವಾದಕ ಕಾಲಿನ್ ಸೆಲ್ ಹಾಗೂ ಹಳೆಯ ಮೂವರು ಸದಸ್ಯರು ಮುಂದುವರಿದದ್ದೂ ಈ ಬದಲಾವಣೆಯನ್ನು ಸುಗಮಗೊಳಿಸಿತು. ಮುಂದೆ 2020ರಲ್ಲಿ ಬ್ರೂಕ್-ಟೇಲರ್, 2022ರಲ್ಲಿ ಕ್ರಾಯರ್ ನಿಧನರಾದರು. ಕಾರ್ಯಕ್ರಮ ಆ ಬಳಿಕವೂ ನಡೆಯಿತು.

ಕೃತಿಗಳು ಮತ್ತು ಗೌರವಗಳು

1954ರಲ್ಲಿ ಪ್ರಕಟವಾದ ಐ ಪ್ಲೇ ಆಸ್ ಐ ಪ್ಲೀಸ್ ಲಿಟಲ್ಟನ್ ಅವರ ಆತ್ಮಕಥನ. ಜಾಜ್ ಚರಿತ್ರೆಯನ್ನು ಕುರಿತು ದಿ ಬೆಸ್ಟ್ ಆಫ್ ಜಾಜ್ ಎಂಬ ಹೆಸರಿನಲ್ಲಿ ಎರಡು ಸಂಪುಟಗಳನ್ನು ಬರೆದರು. ಸುಂದರ ಕೈಬರಹದಲ್ಲಿ ವಿಶೇಷ ಆಸಕ್ತಿಯಿದ್ದ ಅವರು ಇಟಾಲಿಕ್ ಕೈಬರಹ ಸಂಘದ ಅಧ್ಯಕ್ಷರೂ ಆಗಿದ್ದರು. ಪ್ರಸಾರ ಕ್ಷೇತ್ರದ ಸೇವೆಗಾಗಿ 1993ರಲ್ಲಿ ಸೋನಿ ಚಿನ್ನದ ಪ್ರಶಸ್ತಿ ಪಡೆದರು. ಹಲವು ವಿಶ್ವವಿದ್ಯಾನಿಲಯಗಳು ಅವರಿಗೆ ಗೌರವ ಪದವಿ ನೀಡಿದವು.

ತಂಡಕ್ಕೆ ಹೊಸ ವಾದಕ ಬಂದಾಗ ಪ್ರತಿಭಟಿಸಿದ ಅಭಿಮಾನಿಗಳನ್ನು ಲಿಟಲ್ಟನ್ 1953ರಲ್ಲಿಯೇ ಕಂಡಿದ್ದರು. 2009ರಲ್ಲಿ ಅವರದೇ ಸ್ಥಾನಕ್ಕೆ ಹೊಸಬರು ಬರಬೇಕಾಯಿತು. ಆ ಸ್ಥಾನ ಖಾಲಿ ಉಳಿಯಲಿಲ್ಲ. ಆದರೆ ಇಂದಿಗೂ ಕಾರ್ಯಕ್ರಮದ ಬಗ್ಗೆ ಬರೆಯುವವರು ಮೊದಲು ನೆನೆಯುವ ಧ್ವನಿ ಅವರದೇ ಆಗಿದೆ.